ಹಕ್ಕು ಮನುಷ್ಯನದೋ, ಜಿಲ್ಲೆಯದೋ?

ಪ್ರಶ್ನೆ: ನಾನು ಚಿಂಚೋಳಿ ತಾಲ್ಲೂಕಿನವನು. ಹೈಸ್ಕೂಲು ಕಲಬುರಗಿಯಲ್ಲಿ, ಪಿಯುಸಿ ಮೂಡುಬಿದಿರೆಯಲ್ಲಿ ಮುಗಿಸಿದೆ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿ ಮೀಸಲಿಡುವ ಸಂವಿಧಾನದ 371ಜೆ ವಿಧಿಯ ಸರ್ಟಿಫಿಕೇಟ್ ಮೇಲೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ನನ್ನ ರೂಮ್‌ಮೇಟ್ ದಾವಣಗೆರೆ ಕಡೆಯವನು. ಅವನ ರ್‍ಯಾಂಕ್ ನನಗಿಂತ ಮುಂದಿತ್ತು, ಆದರೂ ಅವನಿಗೆ ಸಿಕ್ಕಿದ್ದು ಸಿವಿಲ್. "ಹಕ್ಕು ಮನುಷ್ಯನಿಗಿರುತ್ತೆ, ಜಿಲ್ಲೆಗಲ್ಲ. ನಿಮ್ಮಪ್ಪ ಸರಕಾರಿ ಅಧಿಕಾರಿ, ನಮ್ಮಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋರು. ಇದ್ಯಾವ ಸಮಾನತೆ?" ಅಂದ. ನನ್ನ ಬಾಯಿ ಕಟ್ಟಿತು. ವ್ಯಕ್ತಿಯೇ ಹಕ್ಕಿನ ಮೂಲ ಎಂದು ಉದಾರವಾದ ಹೇಳುತ್ತದೆ ಅಂತ ಓದಿದ್ದೇನೆ. ಹಾಗಾದರೆ 371ಜೆ ಅದಕ್ಕೆ ವಿರುದ್ಧವೇ? ಅವನಿಗೆ ನಾನೇನು ಹೇಳಲಿ?

ಉತ್ತರ: ನಿಮ್ಮ ರೂಮ್‌ಮೇಟ್ ಒಂದೇ ಉಸಿರಿಗೆ ಎರಡು ಮಾತು ಆಡಿದ್ದಾನೆ. ಜಿಲ್ಲೆಗೆ ಹಕ್ಕಿರುವುದಿಲ್ಲ ಎಂಬುದು ಒಂದು. ನಿಮ್ಮಪ್ಪ ಅಧಿಕಾರಿ, ನಮ್ಮಪ್ಪ ಗುಮಾಸ್ತ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗಟ್ಟಿ ಉತ್ತರವಿದೆ. ಎರಡನೆಯದು ನೆಟ್ಟಗೆ ಬಂದು ನಾಟುವಂಥದ್ದು. ನಮ್ಮ ಭಾಗದವರು ಮೊದಲ ಮಾತಿಗೇ ಸಿಟ್ಟಾಗಿ, ಎರಡನೆಯದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ನಿಮ್ಮ ಬಾಯಿ ಕಟ್ಟಿತಲ್ಲ, ಅದು ಒಳ್ಳೆಯ ಲಕ್ಷಣ.

ವ್ಯಕ್ತಿಯೇ ಘಟಕ ಎಂಬುದನ್ನು ಒಪ್ಪಿಕೊಂಡೇ ಶುರು ಮಾಡೋಣ. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಭೆಯ ಮುಂದಿಟ್ಟು ಮಾತಾಡಿದ ಅಂಬೇಡ್ಕರ್, ಹಳ್ಳಿಯನ್ನು ಕೈಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ತಮಗೆ ಸಂತೋಷ ತಂದಿದೆ ಎಂದರು. ಹಳ್ಳಿಯನ್ನು ಹೊಗಳುವವರು ಆ ಸಭೆಯಲ್ಲಿ ಕಡಿಮೆ ಇರಲಿಲ್ಲ. ಊರಿಗೆ ಹಕ್ಕು ಕೊಟ್ಟರೆ ಅದನ್ನು ಮುಷ್ಟಿಯಲ್ಲಿ ಹಿಡಿಯುವವರು ಊರ ಗೌಡ, ಊರ ಕುಲಕರ್ಣಿ. ಕೇರಿಯವನ ಕೈಗೆ ಅದು ಬರುವುದಿಲ್ಲ. ಇದು ಉದಾರವಾದದ ತಿರುಳು. ನಾನೂ ಇದನ್ನು ಬಿಟ್ಟುಕೊಡುವವನಲ್ಲ.

ಆದರೆ ಹಕ್ಕು ಯಾರದು ಎಂಬುದು ಒಂದು ಪ್ರಶ್ನೆ, ಅದು ಯಾಕೆ ಬಂತು ಎಂಬುದು ಬೇರೆಯೇ ಪ್ರಶ್ನೆ. ನಿಮ್ಮ ಸರ್ಟಿಫಿಕೇಟ್ ಚಿಂಚೋಳಿ ತಾಲ್ಲೂಕಿನ ಹೆಸರಿಗೆ ಇಲ್ಲ. ಅಸಿಸ್ಟೆಂಟ್ ಕಮಿಷನರ್ ಸಹಿ ಹಾಕಿ ಕೊಟ್ಟದ್ದು ನಿಮ್ಮ ಹೆಸರಿಗೆ. ಸೀಟು ತಪ್ಪಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದವರೂ ನೀವೇ. ಹಕ್ಕು ನಿಮ್ಮದು, ಕಾರಣ ಮಾತ್ರ ಊರಿನದು. ನಿಮ್ಮ ರೂಮ್‌ಮೇಟ್‌ಗೆ ಸಿಇಟಿಯ ಗ್ರಾಮೀಣ ಮೀಸಲಾತಿ ಗೊತ್ತಿರಲೇಬೇಕು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15 ಸೀಟು. ಹಳ್ಳಿಗೆ ಹಕ್ಕಿದೆಯಾ ಅಂತ ಅದರ ಬಗ್ಗೆ ಯಾರೂ ಕೇಳಿದ್ದಿಲ್ಲ. ಓದಿದ ಹುಡುಗನಿಗೆ ಹಕ್ಕಿದೆ. ಎಲ್ಲಿ ಓದಿದ ಎಂಬುದು ಆ ಹುಡುಗ ಹೊತ್ತ ಭಾರದ ಅಳತೆ.

ಊರು ವ್ಯಕ್ತಿಯ ಹಕ್ಕಿನೊಳಗೆ ಹೇಗೆ ಬಂದು ಕೂರುತ್ತದೆ ಎಂಬುದಕ್ಕೆ ಇನ್ನೊಂದು ಸಂಗತಿ. ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. ಅದಕ್ಕೆ ಮೊದಲು ಬೀದರಿನ ರೈತನೊಬ್ಬ ರಿಟ್ ಹಾಕಬೇಕೆಂದರೆ ರಾತ್ರಿಯಿಡೀ ರೈಲಿನಲ್ಲಿ ಕೂತು 600 ಕಿಲೋಮೀಟರಿಗೂ ಆಚೆ ಬೆಂಗಳೂರಿಗೆ ಹೋಗಬೇಕಿತ್ತು. ಸಂವಿಧಾನದ ಪುಸ್ತಕದಲ್ಲಿ ಅವನಿಗೂ ಬಸವನಗುಡಿಯವನಿಗೂ ಒಂದೇ ಹಕ್ಕು. ವಕೀಲರ ಫೀಸು, ಲಾಡ್ಜಿನ ಬಾಡಿಗೆ, ಹೋದ ಕೂಲಿ ಸೇರಿಸಿದರೆ ಒಂದೇ ಅಲ್ಲ.

ಈಗ "ಅವನ ಸೀಟು ನಾನು ಕಸಿದೆನೇ" ಎಂದು ನಿಮ್ಮ ಪ್ರಶ್ನೆಯೊಳಗೆ ಅಡಗಿರುವ ಅಳುಕಿಗೆ ಬರುತ್ತೇನೆ.

ನಾನು ಹುಟ್ಟಿದ್ದು ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ. ನಾವು ಅದನ್ನು "ಟೇಲೆಂಡ್" ಅಂತಲೇ ಕರೆಯುವುದು. ಮೇಲಿನ ಭಾಗದವರು ಹತ್ತಿ, ಮೆಣಸಿನಕಾಯಿ ಹಾಕಬೇಕಾದ ನೆಲದಲ್ಲಿ ಭತ್ತ ನಾಟಿ ಮಾಡುತ್ತಿದ್ದರು. ನಮ್ಮ ಹೊಲದ ತೂಬಿನಲ್ಲಿ ಕಪ್ಪೆ ಕೂತಿರುತ್ತಿತ್ತು. ಆಮೇಲೆ ವಾರಾಬಂದಿ ಬಂತು: ಇಂತಿಷ್ಟು ದಿನ ಚಾಲು, ಇಂತಿಷ್ಟು ದಿನ ಬಂದ್, ಮೇಲಿನವರ ಗೇಟು ಇಳಿಸಿ ಕೆಳಗಿನವರಿಗೆ ಬಿಡುವುದು. ಗೇಟು ಇಳಿಸುವ ದಿನ ಮೇಲಿನ ಊರಿನವರೊಬ್ಬರು ನಮ್ಮಪ್ಪನ ಎದುರು ನಿಂತು "ನಮ್ಮ ನೀರು ಒಯ್ಯಾಕತ್ತೀರಿ" ಅಂದದ್ದು ನನಗಿನ್ನೂ ನೆನಪಿದೆ. ಅಪ್ಪ "ಹರಿಯೂದಷ್ಟ ನೋಡೀಯಪಾ, ಎಲ್ಲಿ ಮುಟ್ಟಬೇಕು ಅನ್ನೂದು ನೋಡಿಲ್ಲ" ಅಂದರು.

ಆ ಮೇಲಿನ ಊರಿನವರ ಮಾತಿನಲ್ಲಿದ್ದ ತಪ್ಪೇ ನಿಮ್ಮ ರೂಮ್‌ಮೇಟ್ ಮಾತಿನಲ್ಲೂ ಇದೆ. ಕಾಲುವೆ ಮೊದಲು ತನ್ನ ಹೊಲದ ಮುಂದೆ ಹಾಯುತ್ತದೆ ಎಂದ ಮಾತ್ರಕ್ಕೆ ನೀರು ತನ್ನದಾಗುವುದಿಲ್ಲ. ಅವನಿಗಿರುವ ಹಕ್ಕು ನ್ಯಾಯವಾದ ಪಾಳಿಯದು. ಹಾಗೆಯೇ ರ್‍ಯಾಂಕ್ ಮುಂದಿದ್ದ ಮಾತ್ರಕ್ಕೆ ಇಂಥದೇ ಸೀಟು ಯಾರ ಸ್ವತ್ತೂ ಅಲ್ಲ. ಸೀಟು ಹಂಚುವ ನಿಯಮ ಮಾಡುವಾಗ ತನ್ನ ಹಿತವನ್ನೂ ಉಳಿದವರ ಹಿತದಷ್ಟೇ ಗೌರವದಿಂದ ತೂಗಿರಬೇಕು ಎಂಬುದು ಅವನ ಹಕ್ಕು. ಅಮೆರಿಕದ ನ್ಯಾಯಶಾಸ್ತ್ರಜ್ಞ ರೊನಾಲ್ಡ್ ಡ್ವರ್ಕಿನ್ ಈ ಎರಡನ್ನು ಬೇರ್ಪಡಿಸಿದವರು. ಎಲ್ಲರಿಗೂ ಒಂದೇ ಅಳತೆಯ ಪಾಲು ಎಂಬುದು ಒಂದು ಹಕ್ಕು, ಎಲ್ಲರನ್ನೂ ಸಮಾನರೆಂದು ಕಾಣುವುದು ಇನ್ನೊಂದು. ಎರಡನೆಯದೇ ಮೂಲ, ಮೊದಲನೆಯದು ಸಂದರ್ಭಕ್ಕೆ ತಕ್ಕಂತೆ ಬರುವಂಥದ್ದು ಎಂದರು.

ಅವರು ಎರಡು ಪ್ರಕರಣಗಳನ್ನು ಎದುರುಬದುರು ಇಟ್ಟು ನೋಡಿದರು. ಟೆಕ್ಸಸ್ ವಿಶ್ವವಿದ್ಯಾಲಯದ ಕಾನೂನು ಶಾಲೆ ಹೀಮನ್ ಸ್ವೆಟ್ ಎಂಬ ಕರಿಯ ಅಭ್ಯರ್ಥಿಗೆ ಬಿಳಿಯರ ಶಾಲೆಯಲ್ಲಿ ಜಾಗವಿಲ್ಲ ಎಂದಿತ್ತು. 1950ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವನನ್ನು ಸೇರಿಸಿಕೊಳ್ಳಿ ಎಂದಿತು. ಎಪ್ಪತ್ತರ ದಶಕದಲ್ಲಿ ಮಾರ್ಕೊ ಡಿಫ್ಯೂನಿಸ್ ಎಂಬ ಬಿಳಿಯ ಅಭ್ಯರ್ಥಿ, ಅಲ್ಪಸಂಖ್ಯಾತರಿಗೆ ಆದ್ಯತೆ ಕೊಟ್ಟದ್ದರಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತನಗೆ ಸೀಟು ತಪ್ಪಿತು ಎಂದು ದಾವೆ ಹೂಡಿದ. ಇಬ್ಬರಿಗೂ ಸೀಟು ತಪ್ಪಲು ಬಣ್ಣವೇ ಕಾರಣ. ವ್ಯತ್ಯಾಸವೇನು? ಸ್ವೆಟ್‌ನನ್ನು ಹೊರಗಿಟ್ಟದ್ದು ನೀನು ಕೀಳು ಎಂಬ ತಿರಸ್ಕಾರದಿಂದ. ಡಿಫ್ಯೂನಿಸ್‌ಗೆ ನಷ್ಟವಾಯಿತು ಸರಿ, ಅವಮಾನವಾಗಲಿಲ್ಲ. ನಿಯಮವೊಂದು ಯಾರನ್ನಾದರೂ ಕಡಿಮೆ ಮನುಷ್ಯ ಎಂದು ಎಣಿಸುತ್ತಿದೆಯೇ? ನಾನು ತರಗತಿಯಲ್ಲಿ ಹುಡುಗರಿಗೆ ಇದೊಂದನ್ನು ಕೇಳಿಕೊಳ್ಳಿ ಎನ್ನುತ್ತಿದ್ದೆ. ದಾವಣಗೆರೆಯವರು ಕಡಿಮೆಯವರು ಎಂದು 371ಜೆ ಎಲ್ಲೂ ಹೇಳುವುದಿಲ್ಲ. ಕಡಿಮೆಯವರೆಂದು ಎಣಿಸಿಕೊಂಡ ರೂಢಿ ಇರುವುದು ನಮಗೇ. ಕಲಬುರಗಿಗೆ ವರ್ಗ ಅಂದರೆ ಶಿಕ್ಷೆ ಎಂಬುದು ಬೆಂಗಳೂರಿನ ಕಚೇರಿಗಳಲ್ಲಿ ಇವತ್ತಿಗೂ ಓಡಾಡುವ ಮಾತು.

ಕಾನೂನಿನ ದಾರಿ ಇಷ್ಟು ಸಲೀಸಾಗಿರಲಿಲ್ಲ. ನಿಮ್ಮ ರೂಮ್‌ಮೇಟ್ ಎತ್ತಿದ ತಕರಾರನ್ನು ಸಂವಿಧಾನವೇ ಎತ್ತಿದೆ. ಹುಟ್ಟಿದ ಸ್ಥಳವೊಂದರ ಕಾರಣಕ್ಕೇ ಭೇದ ಮಾಡಬಾರದು ಎನ್ನುತ್ತದೆ 15ನೇ ವಿಧಿ. ಸರಕಾರಿ ನೌಕರಿಯ ವಿಷಯಕ್ಕೆ ಬಂದ 16ನೇ ವಿಧಿ ವಾಸಸ್ಥಳವನ್ನೂ ಆ ಪಟ್ಟಿಗೆ ಸೇರಿಸುತ್ತದೆ. ಅದರದೇ ಮೂರನೇ ಉಪವಿಧಿ, ವಾಸಸ್ಥಳದ ಷರತ್ತು ಬೇಕಿದ್ದರೆ ಸಂಸತ್ತು ಕಾನೂನು ಮಾಡಲಿ ಎಂದು ಒಂದು ಕಿಂಡಿ ಬಿಟ್ಟಿದೆ. ಆ ಕಿಂಡಿ ಎಷ್ಟು ಅಗಲ ಎಂಬ ಜಗಳ ಶುರುವಾದದ್ದು ನಮ್ಮ ಹಳೆಯ ಹೈದರಾಬಾದಿನ ಸೀಮೆಯಿಂದಲೇ.

ಬೀದರಿನ ಹಿರಿಯರನ್ನು ಕೇಳಿದರೆ "ಮುಲ್ಕಿ, ಗೈರ್‌ಮುಲ್ಕಿ" ಎಂಬ ಮಾತು ಇನ್ನೂ ಸಿಗುತ್ತದೆ. ನಿಜಾಮನ ಸೀಮೆಯವರು ಮುಲ್ಕಿಗಳು, ಹೊರಗಿನಿಂದ ಬಂದವರು ಗೈರ್‌ಮುಲ್ಕಿಗಳು. 1919ರ ಫರ್ಮಾನಿನ ಪ್ರಕಾರ ನೌಕರಿ ಮುಲ್ಕಿಗೇ. ಹೊರಗಿನವರು 15 ವರ್ಷ ಇಲ್ಲಿ ನೆಲೆಸಿದ್ದರೆ ಮುಲ್ಕಿ ಆಗಬಹುದಿತ್ತು. ಕಾಗದದ ಮೇಲೆ ಭಾಲ್ಕಿಯ ಒಕ್ಕಲಿನ ಮಗನೂ ಮುಲ್ಕಿಯೇ. ಆದರೆ ಆಡಳಿತದ ಭಾಷೆ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠದ ಭಾಷೆಯೂ ಉರ್ದು. ಕನ್ನಡದಲ್ಲಿ ನಾಲ್ಕಕ್ಷರ ಕಲಿಯಲು ಶಾಲೆಯಿಲ್ಲದವನಿಗೆ ಮುಲ್ಕಿ ಎಂಬ ಪಟ್ಟ ಯಾವ ಕೂಳು ಹಾಕೀತು? ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೆಲಂಗಾಣದಲ್ಲಿ ಈ ಮುಲ್ಕಿ ನೌಕರಿಗಳನ್ನು ಉಳಿಸಲು ಸಂಸತ್ತು 1957ರಲ್ಲಿ ಒಂದು ಕಾನೂನು ಮಾಡಿತು. 1969ರಲ್ಲಿ ಸುಪ್ರೀಂ ಕೋರ್ಟ್ ಅದರ ಆ ಭಾಗವನ್ನು ಹೊಡೆದುಹಾಕಿತು. ವಾಸದ ಷರತ್ತು ಇಡೀ ರಾಜ್ಯಕ್ಕೆ ಅನ್ವಯಿಸಿದರೆ ಸರಿ, ರಾಜ್ಯದೊಳಗಿನ ಒಂದು ಭಾಗಕ್ಕೆ ಹಾಕಲಾಗದು ಎಂಬುದು ತೀರ್ಪಿನ ತಿರುಳು. ಹಾಗಾಗಿ ಸಾಮಾನ್ಯ ಕಾನೂನಿನ ದಾರಿ ಮುಚ್ಚಿತು, ಸಂವಿಧಾನವನ್ನೇ ತಿದ್ದಬೇಕಾಯಿತು. ಆಂಧ್ರಕ್ಕೆ 1973ರ 32ನೇ ತಿದ್ದುಪಡಿಯಲ್ಲಿ 371ಡಿ ಬಂತು. ಅದೇ ನಿಜಾಮನ ಸೀಮೆಯಿಂದ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ನಾವು ಹೋರಾಟಗಾರ ವೈಜನಾಥ ಪಾಟೀಲರಂಥವರ ಬೆನ್ನಿಗೆ ನಿಂತು ಕೂಗುತ್ತಲೇ ಇದ್ದೆವು. ನಮ್ಮ ಪಾಲಿನ 98ನೇ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2012ರ ಡಿಸೆಂಬರಿನಲ್ಲಿ. ಈಚೆಗೆ, 2025ರ ಜನವರಿಯಲ್ಲಿ, ವೈದ್ಯಕೀಯ ಸ್ನಾತಕೋತ್ತರ ಸೀಟುಗಳಲ್ಲಿ ವಾಸಸ್ಥಳದ ಮೀಸಲಾತಿ ನಡೆಯದು ಎಂದು ಸುಪ್ರೀಂ ಕೋರ್ಟ್ ಹೇಳಿದಾಗ 371ಜೆ ಕಥೆ ಮುಗಿಯಿತು ಎಂದು ಕೆಲವರು ಗಾಬರಿಯಾದರು. ಅದು ಚಂಡೀಗಢದ ಕಾಲೇಜಿನ ಪ್ರಕರಣ. ನಮಗಿರುವುದು ಸಂವಿಧಾನದೊಳಗೇ ಬರೆದ ವಿಧಿ.

ಆದರೂ ಕಾನೂನಿನಲ್ಲಿ ಇದೆ ಎಂದ ಮಾತ್ರಕ್ಕೆ ನ್ಯಾಯವೂ ಹೌದೇ? ನೀವು ಕೇಳಿದ್ದು ತತ್ವಶಾಸ್ತ್ರದ ಪ್ರಶ್ನೆ. ಅದನ್ನು ವಿಧಿ, ಉಪವಿಧಿ ತೋರಿಸಿ ತಪ್ಪಿಸಿಕೊಳ್ಳುವುದು ವಕೀಲರ ಚಾಳಿ.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ ವಾದ ನಿಮಗೆ ಗೊತ್ತಿರಬಹುದು. ಯಾವ ಮನೆಯಲ್ಲಿ, ಯಾವ ಮೈಯಲ್ಲಿ, ಎಂಥ ಬುದ್ಧಿಯೊಂದಿಗೆ ಹುಟ್ಟುತ್ತೇವೆಂಬುದು ಚೀಟಿ ಎತ್ತಿದ ಹಾಗೆ. ಅದಕ್ಕೆ ಹೊಣೆ ನಾವಲ್ಲ, ಅದರ ಫಲವೂ ನಮ್ಮ ಗಳಿಕೆಯಲ್ಲ. ನಮ್ಮ ಚೀಟಿಯಲ್ಲಿ ಏನು ಬಂದಿದೆ ಎಂದು ಗೊತ್ತಿಲ್ಲದೆ ನಿಯಮ ಮಾಡಲು ಕೂತರೆ ಎಂಥ ನಿಯಮ ಒಪ್ಪುತ್ತೇವೆ? ಸುರಪುರದ ಏಕೋಪಾಧ್ಯಾಯ ಶಾಲೆ ತನ್ನ ಪಾಲಿಗೂ ಬರಬಹುದು ಎಂಬ ಅಂಜಿಕೆಯಿದ್ದವನು ಕೇವಲ ರ್‍ಯಾಂಕ್ ನೋಡಿ ಸೀಟು ಹಂಚಿ ಎನ್ನಲಾರ. ಅಲ್ಲಿನದೇ ಇನ್ನೊಬ್ಬ ತತ್ವಜ್ಞಾನಿ ರಾಬರ್ಟ್ ನೋಜಿಕ್ ಇದಕ್ಕೆ ಒಪ್ಪುತ್ತಿರಲಿಲ್ಲ. ನ್ಯಾಯವಾಗಿ ಗಳಿಸಿದ್ದನ್ನು ಹಂಚಿಕೆಯ ಯಾವುದೋ ಒಂದು ಮಾದರಿಗೆ ತಕ್ಕಂತೆ ಮರುಹಂಚಿಕೆ ಮಾಡಲು ಸರಕಾರ ಯಾರು ಎಂಬುದು ಅವರ ಪಟ್ಟು. ಆದರೆ ಸರಕಾರಿ ಸೀಟು ಯಾರೂ ದುಡಿದು ತಂದ ಗಂಟಲ್ಲ, ಅದು ಹಂಚಲೆಂದೇ ಇಟ್ಟದ್ದು. ನೋಜಿಕ್ ವಾದ ಇಲ್ಲಿ ತಾಕುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ರಾಲ್ಸ್ ವಾದ ಮಾತ್ರ ಎರಡು ಅಲಗಿನ ಕುಡುಗೋಲು. ಚಿಂಚೋಳಿಯಲ್ಲಿ ಹುಟ್ಟಿದ್ದು ನಿಮ್ಮ ತಪ್ಪಲ್ಲ ಎಂದರೆ, ಅದು ನಿಮ್ಮ ಹೆಚ್ಚುಗಾರಿಕೆಯೂ ಅಲ್ಲ. ಹುಟ್ಟಿದ ಊರು ಕೆಳಗೆ ಎಳೆದಿದ್ದರೆ ಮಾತ್ರ ಅದರ ಹೆಸರಿನಲ್ಲಿ ಕೈ ಹಿಡಿದು ಎತ್ತಬೇಕು. ನಿಮ್ಮನ್ನು ಎಳೆದಿತ್ತೇ? ಪಿಯುಸಿಗೆ ಮೂಡುಬಿದಿರೆಗೆ ಹೋದ ಹುಡುಗ ನೀವು. ಅಲ್ಲಿನ ಹಾಸ್ಟೆಲು ಫೀಸು ನಮಗೂ ಗೊತ್ತು, ನಮ್ಮ ಓಣಿಯ ಅರ್ಧ ಮಕ್ಕಳು ಅಲ್ಲಿಯೇ ಇದ್ದಾರೆ.

ಇಲ್ಲಿಂದ ನಿಮ್ಮ ರೂಮ್‌ಮೇಟ್‌ನ ಎರಡನೇ ಮಾತು ಶುರು. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ಹಿಂದುಳಿದಿರುವಿಕೆಯನ್ನು ಜಿಲ್ಲೆಯಿಂದ ಅಳೆಯಲಿಲ್ಲ, ತಾಲ್ಲೂಕಿನಿಂದ ಅಳೆಯಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ನಮ್ಮ ಕೂಗಿಗೆ ಬಲ ಬಂದದ್ದು ಈ ಲೆಕ್ಕದಿಂದ. ಆದರೆ ಅದೇ ಲೆಕ್ಕ ಉಳಿದ 18 ಅತ್ಯಂತ ಹಿಂದುಳಿದ ತಾಲ್ಲೂಕುಗಳು ನಮ್ಮ ಗಡಿಯಾಚೆ ಇದ್ದವು ಎಂದೂ ಹೇಳುತ್ತದೆ. ಗೆರೆಯ ಮಹಿಮೆ ನೋಡಬೇಕೆಂದರೆ ನಿಮ್ಮ ರೂಮ್‌ಮೇಟ್‌ಗೆ ಹರಪನಹಳ್ಳಿಯ ಕಥೆ ಕೇಳಿ. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ ಆ ತಾಲ್ಲೂಕು, 371ಜೆ ಕೈತಪ್ಪಿತೆಂದು ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು. ಅದೇ ಶಾಲೆ, ಅದೇ ಮಾಸ್ತರು, ಅದೇ ಹುಡುಗ. ನಕ್ಷೆಯಲ್ಲಿ ಗೆರೆ ಸರಿದದ್ದಷ್ಟೇ.

ಇನ್ನು ಗೆರೆಯೊಳಗೆ. ಹಿಂದುಳಿದ ವರ್ಗದ ಮೀಸಲಾತಿಗೆ ಅನುಕೂಲಸ್ಥರನ್ನು ಹೊರಗಿಡುವ ಕೆನೆಪದರದ ಜರಡಿ ಇದೆ. 371ಜೆ ಸರ್ಟಿಫಿಕೇಟಿಗೆ ಆದಾಯದ ಮಿತಿಯೇ ಇಲ್ಲ. ಹೀಗಾಗಿ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನಮಗೆ ಮೀಸಲಾದ ಶೇ 8ರಲ್ಲಿ, ಇಲ್ಲಿನ ಸಂಸ್ಥೆಗಳ ಶೇ 70ರಲ್ಲಿ ಮುಂದೆ ನಿಲ್ಲುವವರು ಕೋಚಿಂಗ್ ಕಂಡವರು. ನಮ್ಮ ಟೇಲೆಂಡಿನಲ್ಲೂ ಹೀಗೇ ಆಯಿತು. ವಾರಾಬಂದಿಯಿಂದ ಬಂದ ನೀರನ್ನು ಊರಿನ ಇಬ್ಬರು ದೊಡ್ಡವರು ಕಾಲುವೆಗೇ ಪಂಪ್‌ಸೆಟ್ ಇಟ್ಟು ಎಳೆದುಕೊಂಡರು. ಅಪ್ಪ ಮೇಲಿನ ಊರಿನವರೊಂದಿಗೆ ಜಗಳಕ್ಕೆ ಹೋದಷ್ಟು ಸುಲಭವಾಗಿ ಇವರೊಂದಿಗೆ ಹೋಗಲಿಲ್ಲ. ಇವರು ನಮ್ಮೋರಲ್ಲವೇ.

ಹಾಗಾದರೆ ಗ್ರಾಮೀಣ ಮೀಸಲಾತಿಯಂತೆ, 371ಡಿಯ ಸ್ಥಳೀಯ ಅಭ್ಯರ್ಥಿಯಂತೆ, ಎಲ್ಲಿ ಓದಿದ ಎಂಬುದನ್ನು ಅಳತೆ ಮಾಡಿಕೊಂಡರೆ? ನಾನೂ ಬಹಳ ವರ್ಷ ಹಾಗೇ ವಾದಿಸುತ್ತಿದ್ದೆ. ಹೊರಗೆ ಓದಿದ ಅನುಕೂಲಸ್ಥರು ತಾವಾಗಿಯೇ ಸೋಸಿ ಹೋಗುತ್ತಾರಲ್ಲ. ನನ್ನ ಬಾಯಿ ಮುಚ್ಚಿಸಿದ್ದು ಯಾದಗಿರಿ ಕಡೆಯ ತಾಂಡಾದ ಒಬ್ಬ ಹುಡುಗ. ಅವನ ಅವ್ವ ಅಪ್ಪ ಮುಂಬೈಗೆ ಗುಳೆ ಹೋದವರು, ಕಟ್ಟಡದ ಕೆಲಸ. ಹುಟ್ಟಿದ್ದು ಅಲ್ಲಿಯ ಶೆಡ್ಡಿನಲ್ಲಿ. ಮೂರನೇ ಕ್ಲಾಸಿನವರೆಗೆ ತಾಂಡಾದಲ್ಲಿ ಅಜ್ಜಿಯ ಹತ್ತಿರ, ಮುಂದೆ ಮೂರು ವರ್ಷ ಮುಂಬೈಯ ಮರಾಠಿ ಶಾಲೆ, ಏಳರಿಂದ ಕಲಬುರಗಿಯ ಹಾಸ್ಟೆಲು. ನನ್ನ ಮೇಜಿನ ಮೇಲೆ ಅವನು ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ತೆಗೆದಿಟ್ಟ: ಮರಾಠಿ ಟಿಸಿ, ಅಪ್ಪನ ರೇಷನ್ ಕಾರ್ಡು, ಅಜ್ಜಿಯ ಆಧಾರ್, ಮಡಿಸಿ ಮಡಿಸಿ ನಾಲ್ಕು ತುಂಡಾಗಿದ್ದ ಒಂದು ವ್ಯಾಸಂಗ ಪತ್ರ. ಅಪ್ಪನ ಅಡ್ಡಹೆಸರು ಒಂದರಲ್ಲಿ ರಾಠೋಡ, ಒಂದರಲ್ಲಿ ಪವಾರ. ಅರ್ಜಿ ಕೊಡಲು ಹೋದಲ್ಲಿ ಗುಮಾಸ್ತರು "ಕಾಗದದಾಗ ನೀ ನಮ್ಮಂವ ಅಲ್ಲೋ ತಮ್ಮ" ಅಂದರಂತೆ. ಬಯ್ದದ್ದಲ್ಲ, ಪಾಪ, ಕನಿಕರದಿಂದಲೇ ಅಂದದ್ದು. ಕಾಗದ ಸರಿಹೋಗುವಷ್ಟರಲ್ಲಿ ಆ ವರ್ಷದ ದಾಖಲೆ ಪರಿಶೀಲನೆ ಮುಗಿದಿತ್ತು.

ಈ ಭಾಗ ಹಿಂದುಳಿದಿದೆ ಎಂಬುದಕ್ಕೆ ಗುಳೆಗಿಂತ ದೊಡ್ಡ ಸಾಕ್ಷಿ ಇಲ್ಲ. ಗುಳೆ ಹೋದವನ ಮಗನಿಗೇ ಈ ಭಾಗದವನೆಂದು ತೋರಿಸುವುದು ಎಲ್ಲರಿಗಿಂತ ಕಷ್ಟ. ಊರಿನಲ್ಲಿ ಸ್ವಂತ ಮನೆ, ಹೊಲ, ಎಲ್ಲ ದಾಖಲೆ ಇರುವ ಅಧಿಕಾರಿಯ ಮಗನಿಗೆ ಒಂದು ವಾರದ ಕೆಲಸ. ಓದಿದ ಜಾಗ ನೋಡಿ ಎಂಬ ನನ್ನ ನಿಯಮ ಬಂದರೆ ನಿಮ್ಮಂಥವರೊಂದಿಗೆ ಆ ಹುಡುಗನೂ ಸೋಸಿ ಹೋಗುತ್ತಾನೆ. ಮುಲ್ಕಿಯ ಮಾತು ನೆನಪಿಡಿ ಎಂದದ್ದು ಇದಕ್ಕೇ. ಭಾಲ್ಕಿಯ ಒಕ್ಕಲಿನ ಮಗನಿಗೆ ಪಟ್ಟವಿತ್ತು, ಶಾಲೆಯಿರಲಿಲ್ಲ. ಈ ಹುಡುಗ ಹೇಗೋ ಓದಿಕೊಂಡ, ಪಟ್ಟ ಸಿಗಲಿಲ್ಲ. ಆದಾಯದ ಜರಡಿ ಹಾಕಿ, ಗುಳೆ ಕುಟುಂಬದ ಮಕ್ಕಳಿಗೆ ಅಪ್ಪನದೋ ಅಜ್ಜಿಯದೋ ದಾಖಲೆ ಸಾಕು ಎಂದು ನಿಯಮ ಸಡಿಲಿಸಿದರೆ ಬಹುಪಾಲು ಸರಿಹೋದೀತು ಎಂದು ಈಗ ನನಗನ್ನಿಸುತ್ತದೆ. ಅಪ್ಪನ ಹೆಸರೇ ಎರಡಿರುವಲ್ಲಿ ಅದೂ ಪೂರ್ತಿ ಪರಿಹಾರವಲ್ಲ, ಬಲ್ಲೆ.

ಒಂದು ಮಾತು ಬಾಕಿ ಇದೆ. 371ಜೆ ಅಂದರೆ ಸೀಟು, ನೌಕರಿ ಎಂದೇ ಎಲ್ಲರ ಬಾಯಲ್ಲಿ. ವಿಧಿಯನ್ನು ಓದಿ ನೋಡಿ, ಅವು ಬರುವುದು ಕೊನೆಗೆ. ಮೊದಲು ಬರುವುದು ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮತ್ತು ಅದರ ಕೆಲಸದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂಬ ಮಾತು. ಆಮೇಲೆ ಅಭಿವೃದ್ಧಿ ವೆಚ್ಚಕ್ಕೆ ಹಣದ ನ್ಯಾಯವಾದ ಹಂಚಿಕೆ. ಮೊದಲೆರಡು ನೆಟ್ಟಗೆ ನಡೆದರೆ ಶಾಲೆಗೆ ಮಾಸ್ತರು ಬರುತ್ತಾರೆ, ಕೊನೆಯದರ ಅಗತ್ಯ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಸೀಟಿನ ಪ್ರಮಾಣ ಒಂದಂಶ ಕಡಿಮೆಯಾದರೂ ಬೀದಿಗಿಳಿಯುವ ನಾವು, ಆ ವರದಿ ಎಲ್ಲಿ ಎಂದು ಬೀದಿಗಿಳಿದದ್ದನ್ನು ನಾನು ನೋಡಿಲ್ಲ.

ರೂಮ್‌ಮೇಟ್‌ಗೆ ಏನು ಹೇಳಲಿ ಅಂದಿರಿ. ಸೀಟು ನಿನ್ನದಾಗಿರಲಿಲ್ಲ, ಪಾಳಿ ನಿನ್ನದಿತ್ತು, ಆ ಪಾಳಿಯಲ್ಲಿ ನಿನಗೆ ಅವಮಾನವಾಗಿಲ್ಲ ಎಂದು ಧೈರ್ಯವಾಗಿ ಹೇಳಿ. ಅವನಪ್ಪನ ವಿಷಯಕ್ಕೆ ಬಂದಾಗ ವಾದ ಮಾಡಬೇಡಿ, "ನೀ ಅನ್ನೂದು ಖರೆ ಐತಿ" ಅನ್ನಿ. ಸೀಟು ಬಿಡುವ ಅಗತ್ಯವಿಲ್ಲ. ನೀವು ಬಿಟ್ಟರೆ ಅದು ಹೋಗುವುದು ಕೋಚಿಂಗ್ ಕಂಡ ಇನ್ನೊಬ್ಬನಿಗೆ, ತಾಂಡಾದ ಹುಡುಗನಿಗಲ್ಲ. ಅವನು ಮರುವರ್ಷ ಮತ್ತೆ ಸಿಇಟಿ ಬರೆದ. ಅಷ್ಟರಲ್ಲಿ ತಾಂಡಾ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನ ಹೆಸರು ಸಿಕ್ಕಿತ್ತು, ಅಡ್ಡಹೆಸರಿನ ಜಾಗದಲ್ಲಿ ತಾಂಡಾದ ಹೆಸರು ಬರೆದಿದ್ದರು.